ಜೊತೆಗೇ ಬಂದ ಚಕ್ರಗಳು

ಚಕ್ರ ನೆಟ್ಟಗೇ ತಿರುಗುತ್ತಿತ್ತು. ಅದೇ ಅವಳ ಸಂಕಟವಾಗಿತ್ತು. ಬಾಲ್ಕನಿಯಲ್ಲಿ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಅದರೆದುರು ಕುಕ್ಕರಗಾಲಲ್ಲಿ ಕೂತು, ಮುಂದಿನ ಚಕ್ರವನ್ನು ಬೆರಳಿನಿಂದ ತಿರುಗಿಸಿಬಿಟ್ಟು, ಬ್ರೇಕಿನ ರಬ್ಬರಿಗೂ ರಿಮ್ಮಿಗೂ ನಡುವಿನ ಸಂದಿಯನ್ನೇ ಅವಳು ದಿಟ್ಟಿಸುತ್ತಿದ್ದಳು. ಚಕ್ರ ಬೆಂಡಾಗಿದ್ದರೆ ಆ ಸಂದಿ ಒಮ್ಮೆ ಹಿಗ್ಗಬೇಕು, ಒಮ್ಮೆ ಕುಗ್ಗಬೇಕು. ಸುತ್ತಿಗೊಂದು ಸಲವಾದರೂ ರಬ್ಬರು ರಿಮ್ಮನ್ನು ಸವರಬೇಕು. ಸವರಲಿಲ್ಲ. ಬೆಳಗಿನ ಬೆಳಕು ಆ ಸಂದಿಯಲ್ಲಿ ಗೆರೆ ಎಳೆದ ಹಾಗೆ ನಿಂತಿತ್ತು. ಬೇರೆಯವರಾಗಿದ್ದರೆ ಕಣ್ಣಿಗೆ ಕಾಣದಷ್ಟು ಸಣ್ಣ ಬೆಂಡು ಇದ್ದೀತು ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಅವಳದು ಹಲ್ಲು ಮಾಡುವ ಕೆಲಸ. ಪಿಂಗಾಣಿ ಹಲ್ಲನ್ನು ಉಜ್ಜಿ ಉಜ್ಜಿ, ಕೂದಲೆಳೆಯಷ್ಟು ಹೆಚ್ಚಾದರೂ ಬರಿಗಣ್ಣಲ್ಲೇ ಹಿಡಿದು, ಡಾಕ್ಟರುಗಳಿಂದ ಶಹಭಾಸ್‌ಗಿರಿ ಪಡೆದ ಕಣ್ಣು ಅದು. ಆ ಕಣ್ಣು ಈಗ ಸುಳ್ಳು ಹೇಳಲು ಒಪ್ಪುತ್ತಿರಲಿಲ್ಲ. ಒಂದಿಷ್ಟಾದರೂ ಅಲುಗಾಡು ಮಾರಾಯ ಎಂದು ಅವಳು ಚಕ್ರವನ್ನು ಮನಸ್ಸಿನಲ್ಲೇ ಬೇಡಿಕೊಂಡಳು. ಚಕ್ರ ತನ್ನ ಪಾಡಿಗೆ ತಿರುಗಿ ನಿಧಾನವಾಗಿ ನಿಂತಿತು.

"ಇನ್ನೂ ಅದರ ಮುಂದೇನೇ ಕೂತಿದ್ದೀಯಾ?" ಗಂಡ ಒಳಗಿನಿಂದ ಕಾಫಿ ಲೋಟ ಹಿಡಿದು ಬಂದ. "ಅದನ್ನ ನೋಡ್ತಾ ಕೂತ್ರೆ ಸರಿ ಹೋಗುತ್ತಾ? ಸೈಕಲ್ ಜೊತೆಗೇ ಬರೋ ಚಕ್ರ ಅಂದ್ರೆ ಹೊಸ ಮನೆ ಜೊತೆ ಬರೋ ಬೀಗ ಇದ್ದ ಹಾಗೆ ಕಣೆ. ಮೊದಲು ಬದಲಾಯಿಸಬೇಕಾದ್ದೇ ಅದನ್ನ." ನೀರು ಸರಬರಾಜು ಕಚೇರಿಯಲ್ಲಿ ಕೊಳವೆಗಳ ನಕ್ಷೆ ನೋಡಿಕೊಳ್ಳುವ ಈ ಮನುಷ್ಯ ಕಾಲೇಜು ಬಿಟ್ಟ ಮೇಲೆ ಸೈಕಲ್ಲಿನ ಮೇಲೆ ಕಾಲು ಹಾಕಿದವನಲ್ಲ. ಆದರೆ ಹೆಂಡತಿಯ ತಂಗಿ ಸೈಕಲ್ಲಿನಿಂದ ಬಿದ್ದ ದಿನದಿಂದ ಚಕ್ರಗಳ ವಿಷಯದಲ್ಲಿ ಪಂಡಿತನಾಗಿಬಿಟ್ಟಿದ್ದ. ರಿಮ್ಮಿನ ಆಳ ಎಷ್ಟಿದ್ದರೆ ಗಾಳಿ ಸೀಳುತ್ತದೆ, ಎಷ್ಟಾದರೆ ಅಡ್ಡಗಾಳಿಗೆ ಎಳೆದಾಡುತ್ತದೆ, ಯಾವುದರಲ್ಲಿ ಕಡ್ಡಿ ಚಪ್ಪಟೆ, ಯಾವುದರಲ್ಲಿ ದುಂಡು ಎಲ್ಲ ಅವನಿಗೆ ಬಾಯಿಪಾಠ. ಹೆಂಡತಿಯ ಜೀವಕ್ಕೆ ಕುತ್ತಾಗಬಹುದಾಗಿದ್ದ ಒಂದು ವಸ್ತುವನ್ನು ಮನೆಯಿಂದ ಸಾಗಹಾಕಬೇಕೆಂಬ ಶ್ರದ್ಧೆ ಅದು. ಅವನ ಆ ಶ್ರದ್ಧೆಯನ್ನು ಕಂಡರೆ ಅವಳಿಗೆ ಮೈಯೆಲ್ಲ ಹಿಡಿಯಾಗುತ್ತಿತ್ತು. ಫೋನಿನಲ್ಲಿ ನೆಂಟರಿಗೆಲ್ಲ ಅವನೇ ಹೇಳಿದ್ದ: "ಪಾಪ, ಇವಳದೇನು ತಪ್ಪು ಹೇಳಿ? ಚಕ್ರ ಅಲುಗಾಡ್ತಿತ್ತಂತೆ. ಹ್ಯಾಂಡಲ್‌ನಿಂದ ಕೈ ತೆಗೆದಿದ್ರೆ ಇವಳೇ ಬೀಳ್ತಿದ್ಲು." ಅವಳು ಒಂದು ಸಲ, ಒಬ್ಬರಿಗೆ, ಒಂದೇ ವಾಕ್ಯದಲ್ಲಿ ಹೇಳಿದ್ದ ಸುಳ್ಳಿಗೆ ಅವನು ಕೈಕಾಲು ಜೋಡಿಸಿ ಊರೆಲ್ಲ ಓಡಾಡಿಸಿದ್ದ.

ಈಗ ಚಕ್ರ ಬದಲಾಯಿಸಿದರೆ ಆ ಸುಳ್ಳಿಗೆ ಮೊಹರು ಬೀಳುತ್ತದೆ. ಬದಲಾಯಿಸದಿದ್ದರೆ, ಅಷ್ಟು ಕೆಟ್ಟ ಚಕ್ರವನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದೀಯ ಎಂದು ಕೇಳುವವರಿಗೆ ಉತ್ತರ ಹೇಳಬೇಕು. ಮೂರನೆಯ ಸಂಗತಿಯೊಂದಿತ್ತು, ಅದನ್ನು ಅವಳು ತನಗೆ ತಾನೇ ಹೇಳಿಕೊಳ್ಳಲೂ ನಾಚುತ್ತಿದ್ದಳು: ಅವಳಿಗೆ ಹೊಸ ಚಕ್ರಗಳು ಬೇಕಿದ್ದವು. ತಂಗಿ ಬೀಳುವುದಕ್ಕೆ ಎಷ್ಟೋ ಮುಂಚಿನಿಂದ ಬೇಕಿದ್ದವು. ತಂಗಿಯ ಸೈಕಲ್ಲಿಗಿದ್ದಂಥವೇ, ಕಪ್ಪಗೆ ಆಳವಾದ ರಿಮ್ಮಿನವು, ತುಳಿಯುವುದು ನಿಲ್ಲಿಸಿದರೆ ಟಿಕಿಟಿಕಿ ಎಂದು ಸದ್ದು ಮಾಡುವಂಥವು. "ಇವತ್ತು ಸಂಜೆ ನಿನ್ನ ತಂಗಿ ಹತ್ರ ಒಂದ್ಮಾತು ಕೇಳಿಬಿಡೋಣ, ಅವಳು ಯಾವ ಚಕ್ರ ಹಾಕಿಸಿದ್ದಳೋ ಅದೇ ತರಿಸಿಬಿಡೋಣ" ಎಂದ ಗಂಡ. "ಇವತ್ತು ಅವಳ ಹಲ್ಲು ಕೂರಿಸ್ತಾರೆ. ಅದು ಮೊದಲು ಆಗ್ಲಿ" ಎಂದು ಅವಳು ಎದ್ದು ಕೈ ತೊಳೆಯಲು ಹೋದಳು. ಬೆರಳಿನ ತುದಿಗೆ ಹತ್ತಿದ್ದ ಕಪ್ಪು ಸೋಪಿಗೂ ಜಗ್ಗಲಿಲ್ಲ.

ಕೆಲಸಕ್ಕೆ ಹೋಗುವ ದಾರಿ ಬಸ್ ನಿಲ್ದಾಣದ ಒಳಗಿನಿಂದ. ಸುತ್ತಿ ಹೋಗುವ ದಾರಿಯೂ ಇತ್ತು. ಕೆಲವು ವಾರಗಳಿಂದ ಅದೇ ಒಳ್ಳೆಯದೆಂದು ಅವಳಿಗೆ ಅನ್ನಿಸುತ್ತಿದ್ದರೂ ಕಾಲು ಮಾತ್ರ ಹಟಕ್ಕೆ ಬಿದ್ದ ಹಾಗೆ ನಿಲ್ದಾಣದೊಳಕ್ಕೇ ಎಳೆದುಕೊಂಡು ಹೋಗುತ್ತಿತ್ತು. ಒಳಗೆ ಕಂಬಕ್ಕೆ ಕಟ್ಟಿದ ಧ್ವನಿವರ್ಧಕದಲ್ಲಿ ಬಸ್ಸುಗಳು ಹೊರಡುವ ವೇಳೆ ಹೇಳುವ ದನಿ ಈಗ ತಂಗಿಯದಲ್ಲ. ತಂಗಿಯ ಮೇಲಿನ ಸಾಲಿನ ಎದುರು ಹಲ್ಲು ಎರಡು ಹೋದ ಮೇಲೆ ಸಕಾರ ಶಕಾರಗಳೆಲ್ಲ ಸೀಟಿಯಾಗಿ ಹೊರಬೀಳುತ್ತಿದ್ದವು. ಮೈಕಿನ ಮುಂದಿನಿಂದ ಅವಳನ್ನು ಎಬ್ಬಿಸಿ ಹಿಂದಿನ ಕೋಣೆಯಲ್ಲಿ ಕಳೆದುಹೋದ ಸಾಮಾನುಗಳ ಉಸ್ತುವಾರಿಗೆ ಕೂರಿಸಿದ್ದರು. "ಒಳ್ಳೇದೇ ಆಯ್ತು ಬಿಡಕ್ಕ, ಕೊಡೆ, ಟಿಫಿನ್ ಡಬ್ಬಿ, ಒಂಟಿ ಚಪ್ಪಲಿ. ಯಾವುದೂ ಎದುರು ಮಾತಾಡಲ್ಲ" ಎಂದು ತಂಗಿ ನಕ್ಕಿದ್ದಳು, ಅಂಗೈಯಿಂದ ಬಾಯಿ ಮುಚ್ಚಿಕೊಂಡು. ಮುಂಚೆ ಅವಳು ಬಾಯಿ ಮುಚ್ಚಿಕೊಂಡು ನಗುವವಳಾಗಿರಲಿಲ್ಲ. ಚಿಕ್ಕಂದಿನಿಂದ ಒಂದು ಹಲ್ಲು ಇನ್ನೊಂದರ ಮೇಲೆ ಚೂರು ಏರಿಕೊಂಡಿದ್ದರೂ ಅದನ್ನೇ ಮುಂದೆ ಮಾಡಿ, ಎದುರಿಗಿದ್ದವರಿಗೂ ನಗು ಬರುವಂತೆ ನಗುತ್ತಿದ್ದಳು. ಕಂಬದ ದನಿ ಯಾವುದೋ ಬಸ್ಸು ತಡವಾಗಿದೆ ಎಂದು ಹೇಳಿತು. ಆ ದನಿಯಲ್ಲಿ ವಿಷಾದವೂ ಇರಲಿಲ್ಲ, ಏನೂ ಇರಲಿಲ್ಲ.

ಸೈಕಲ್ಲಿಗೆ ತಂಗಿಯನ್ನು ಎಳೆದು ತಂದವಳೂ ತಾನೇ. ಭಾನುವಾರದ ಸೈಕಲ್ ಗುಂಪಿಗೆ ಮೊದಲು ಸೇರಿದವಳು ಅವಳು. ಅಲ್ಲಿ ಅವಳಿಗೆ ಹಲ್ಲಕ್ಕ ಎಂದು ಹೆಸರಾಗಿತ್ತು. ಗುಂಪನ್ನು ನಡೆಸುವ ಡ್ರಿಲ್ ಮೇಷ್ಟ್ರು ಇಟ್ಟ ಹೆಸರು. ಅವರು ನಿವೃತ್ತರಾಗಿದ್ದರೂ ಸೀಟಿ ಇನ್ನೂ ಕೊರಳಲ್ಲೇ ಇತ್ತು. ಮೊದಲ ದಿನವೇ ಅವರು ಹೊಸಬರಿಗೆಲ್ಲ ಪಾಠ ಹೇಳುತ್ತಿದ್ದರು: "ನೋಡಿ, ಸಾಲಾಗಿ ಹತ್ತಿರ ಹತ್ತಿರ ಹೋಗೋವಾಗ ಹಿಂದಿರೋರಿಗೆ ರಸ್ತೆ ಕಾಣ್ಸಲ್ಲ. ಮುಂದಿರೋರ ಬೆನ್ನೇ ಕಾಣ್ಸೋದು. ಗುಂಡಿ ಬಂದ್ರೆ ಮುಂದಿರೋರು ಮೊದಲೇ ಕೈ ಇಳಿಬಿಟ್ಟು ಬೆರಳಲ್ಲಿ ತೋರಿಸ್ಬೇಕು. ಹಿಂದಿರೋರು 'ಆಯ್ತು' ಅಂತ ಕೂಗ್ಬೇಕು. ಕೂಗು ಕೇಳೋವರೆಗೂ ಕೈ ತೆಗೀಬೇಡಿ. ಇಷ್ಟೇ ನಮ್ಮ ಕಾನೂನು, ಬಾಕಿ ಏನ್ ಬೇಕಾದ್ರೂ ಮಾಡ್ಕೊಳ್ಳಿ." ಅವಳಿಗೆ ಈ ಕಾನೂನು ಬಹಳ ಹಿಡಿಸಿತ್ತು. ಕತ್ತು ಬಗ್ಗಿಸಿ ಬೇರೆಯವರ ಹಲ್ಲು ಉಜ್ಜುವವಳಿಗೆ, ಅದು ಯಾರ ಬಾಯಿ ಸೇರಿತೆಂದೂ ತಿಳಿಯದವಳಿಗೆ, ತನ್ನ ಕೈಯೊಂದನ್ನು ನಂಬಿ ಬೆನ್ನ ಹಿಂದೆ ಜನ ಬರುತ್ತಿದ್ದಾರೆಂಬುದೇ ಒಂದು ಗೌರವವಾಗಿತ್ತು. ನೀನೂ ಬಾರೆ ಎಂದು ತಂಗಿಗೆ ದುಂಬಾಲು ಬಿದ್ದಳು. ತನ್ನದರಂಥದೇ ಸೈಕಲ್ಲು ಆರಿಸಿಕೊಟ್ಟಳು. ಕೆಲವೇ ತಿಂಗಳಲ್ಲಿ ತಂಗಿ ಇವಳನ್ನು ದಾಟಿ, ಆಮೇಲೆ ಮೇಷ್ಟ್ರನ್ನೂ ದಾಟಿ, ಏರಿನ ತುದಿಯಲ್ಲಿ ಒಂದು ಕಾಲು ನೆಲಕ್ಕೆ ಊರಿ, ಏದುಸಿರು ಬಿಡುತ್ತ ಬರುವ ಅಕ್ಕನಿಗೆ ನೀರಿನ ಬಾಟ್ಲಿ ಹಿಡಿದುಕೊಂಡು ನಿಲ್ಲುವಂತಾದಳು. ಆ ಬಾಟ್ಲಿಯನ್ನು ಕೈಗೆ ಕೊಡುವಾಗ ಅವಳ ಮುಖದಲ್ಲಿ ಅಕ್ಕರೆ ಬಿಟ್ಟು ಬೇರೇನೂ ಇರುತ್ತಿರಲಿಲ್ಲ. ಕುಡಿಯುವವಳಿಗೆ ಮಾತ್ರ ಆ ನೀರು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಲ್ಯಾಬಿನಲ್ಲಿ ಅವಳ ಮೇಜಿನ ಮೇಲೆ, ದೀಪದ ಕೆಳಗೆ, ತಂಗಿಯ ಬಾಯಿಯ ಅಚ್ಚು ಕೂತಿತ್ತು. ಹಳದಿ ಗಾರೆಯಲ್ಲಿ ಎರಕ ಹೊಯ್ದ ಮೇಲಿನ ಸಾಲು, ಕೆಳಗಿನ ಸಾಲು. ಎಷ್ಟೋ ಬಾಯಿಗಳನ್ನು ಹೀಗೆ ಅಂಗೈಯಲ್ಲಿ ಇಟ್ಟುಕೊಂಡು ತಿರುಗಿಸಿ ನೋಡಿದವಳು ಈ ಬಾಯಿ ಮಾತ್ರ ಮೊದಲ ದಿನ ತಣ್ಣಗೆ ಕೈಗೆ ಬಂದಾಗ ಅದನ್ನು ಮೇಜಿನ ಮೇಲೆ ಬೋರಲು ಇಟ್ಟಿದ್ದಳು. ಅಕ್ಕಪಕ್ಕದ ಹಲ್ಲುಗಳಿಗೆ ಆತುಕೊಂಡು ಕೂರುವ ಬ್ರಿಡ್ಜು ಈಗ ಸಿದ್ಧವಾಗಿತ್ತು. ಕಡೆಯ ಸಲ ಕುಲುಮೆಯಿಂದ ಹೊರಬಂದು ಹೊಳೆಯುತ್ತಿತ್ತು. ಡಾಕ್ಟರು ಅಚ್ಚು ಕಳಿಸಿದ ದಿನವೇ ಹೇಳಿದ್ದರು: "ಹೇಗೂ ಹೊಸದಾಗಿ ಮಾಡ್ತಿದ್ದೀರಾ, ಆ ಏರಿಕೊಂಡಿದ್ದ ಹಲ್ಲನ್ನ ನೆಟ್ಟಗೆ ಮಾಡಿಬಿಡಿ. ಮುಂಚೆಗಿಂತ ಚೆನ್ನಾಗಿ ಕಾಣ್ತಾರೆ." ಅವಳು ಹೂಂ ಎಂದಿದ್ದಳು. ಮೇಣದಲ್ಲಿ ಒಂದು ಸಲ ನೆಟ್ಟಗೆ ಮಾಡಿಯೂ ನೋಡಿದ್ದಳು. ಚೆಂದವಾಗಿಯೇ ಇತ್ತು, ಪತ್ರಿಕೆಯ ಜಾಹೀರಾತಿನ ಹಲ್ಲಿನಷ್ಟು ಚೆಂದ. ನೋಡುತ್ತ ನೋಡುತ್ತ ಅವಳಿಗೆ ಅದು ಲಂಚದಂತೆ ಕಂಡಿತು. ಕಿತ್ತುಕೊಂಡದ್ದನ್ನು ವಾಪಸು ಕೊಡಬೇಕು, ಅದಕ್ಕಿಂತ ಒಳ್ಳೆಯದನ್ನು ಕೊಟ್ಟು ಬಾಯಿ ಮುಚ್ಚಿಸಬಾರದು. ಮೇಣವನ್ನು ಕರಗಿಸಿ, ಹಳೆಯ ಫೋಟೋ ಒಂದನ್ನು ಎದುರಿಗಿಟ್ಟುಕೊಂಡು, ಆ ಹಲ್ಲನ್ನು ಮುಂಚಿನ ಹಾಗೇ ಚೂರು ಏರಿಸಿ ಕೂರಿಸಿದ್ದಳು. ಅದನ್ನು ಈಗ ಚಿಮಟದಲ್ಲಿ ಹಿಡಿದು ಬೆಳಕಿಗೆ ಒಡ್ಡಿದಾಗ ತಂಗಿ ಬಿದ್ದ ಆ ಗೋದಾಮುಗಳ ರಸ್ತೆ ಕಾಣಿಸಿತು.

ಆ ಭಾನುವಾರ ಎದುರುಗಾಳಿ ಇತ್ತು. ಅಕ್ಕತಂಗಿ ಇಬ್ಬರೇ ಮುಂದಿದ್ದರು, ಮೇಷ್ಟ್ರು ಮತ್ತು ಉಳಿದವರು ತಿರುವಿನ ಹಿಂದೆ ಎಲ್ಲೋ ಇದ್ದರು. ಇವತ್ತು ನಾನೇ ಮುಂದಿರ್ತೀನಿ ಎಂದು ಅವಳು ಹಟ ಹಿಡಿದಿದ್ದಳು. ಗಾಳಿಯನ್ನೆಲ್ಲ ತನ್ನ ಎದೆಗೆ ತೆಗೆದುಕೊಂಡು, ತೊಡೆ ಉರಿಯುತ್ತಿದ್ದರೂ ಬಿಡದೆ ತುಳಿಯುತ್ತಿದ್ದಳು. ಹಿಂದೆ, ಅವಳ ಬೆನ್ನಿನ ಮರೆಯಲ್ಲಿ, ಟಿಕಿಟಿಕಿ, ಟಿಕಿಟಿಕಿ. ತುಳಿಯುವ ಕಾಲು ನಿಂತಾಗ ಮಾತ್ರ ಆ ಚಕ್ರಗಳು ಮಾಡುವ ಸದ್ದು. ಅಂದರೆ ತಾನು ಪ್ರಾಣ ಕೈಯಲ್ಲಿ ಹಿಡಿದು ತುಳಿಯುತ್ತಿರುವ ಈ ವೇಗ ತಂಗಿಗೆ ತುಳಿಯದೆಯೂ ಸಾಕಾಗುತ್ತಿತ್ತು. ನಾಲ್ಕು ಸಲ ತುಳಿಯುತ್ತಾಳೆ, ಮತ್ತೆ ಟಿಕಿಟಿಕಿ. ಬೆನ್ನ ಮೇಲೆ ಯಾರೋ ಬೆರಳಲ್ಲಿ ತಟ್ಟುತ್ತಿದ್ದಂತೆ ಆ ಸದ್ದು ಅವಳಿಗೆ ತಗಲುತ್ತಿತ್ತು. ಆಗ ತಂಗಿ ಕೇಳಿದಳು: "ಅಕ್ಕಾ, ಸುಸ್ತಾಯ್ತಾ? ನಾನು ಮುಂದೆ ಬರ್ಲಾ?" ಅಷ್ಟೇ. ದನಿಯಲ್ಲಿ ಅಣಕವಿರಲಿಲ್ಲ, ಇದ್ದಿದ್ದರೆ ಎಷ್ಟೋ ವಾಸಿ. ಅದೇ ಹೊತ್ತಿಗೆ ನೀಲಿ ಬಾಗಿಲಿನ ಗೋದಾಮಿನ ಎದುರು ಗುಂಡಿ ಕಂಡಿತು. ದೂರದಿಂದಲೇ ಕಂಡಿತು. ಅಂಚು ಮುರಿದು, ಒಳಗೆ ಜಲ್ಲಿ ಎದ್ದ ಗುಂಡಿ. ಕೈ ಇಳಿಬಿಡಲು ಬೇಕಾದಷ್ಟು ಹೊತ್ತಿತ್ತು. ಅವಳು ಸೈಕಲ್ಲನ್ನು ಚೂರೇ ಚೂರು ಪಕ್ಕಕ್ಕೆ ಸರಿಸಿದಳು, ಹಿಂದಿನವರಿಗೆ ಗೊತ್ತೂ ಆಗದಷ್ಟು. ಎರಡೂ ಕೈ ಹ್ಯಾಂಡಲಿನ ಮೇಲೆಯೇ ಇದ್ದವು. ಅಷ್ಟು ಹುಷಾರಿದ್ದಾಳಲ್ಲ, ನೋಡ್ಕೊಳ್ಲಿ. ಈ ಮಾತು ಅವಳ ಮನಸ್ಸಿಗೆ ಮೊದಲು ಬಂದು ಆಮೇಲೆ ಕೈ ತಡೆಯಿತೋ, ಕೈ ಸುಮ್ಮನಿದ್ದ ಮೇಲೆ ಈ ಮಾತು ಬಂದಿತೋ ಎಂದು ಅವಳು ಅಂದಿನಿಂದ ಬಗೆ ಬಗೆದು ನೋಡುತ್ತಿದ್ದಳು. ಬೀಳಲಿ ಎಂದುಕೊಂಡಿರಲಿಲ್ಲ, ಅದಂತೂ ಆಣೆ ಮಾಡಿ ಹೇಳಬಲ್ಲಳು. ಬೆಚ್ಚಿಬೀಳಲಿ, ಒಮ್ಮೆ ತಡಬಡಾಯಿಸಲಿ, ಆ ಸದ್ದು ನಿಲ್ಲಲಿ ಎಂದುಕೊಂಡಿದ್ದಳು. ಸದ್ದು ನಿಂತಿತು.

ತಂಗಿಯ ಬಾಯಿಗೆ ತನ್ನ ಕರ್ಚೀಫು ಒತ್ತಿ ಹಿಡಿದುಕೊಂಡು ರಸ್ತೆಯಲ್ಲಿ ಕೂತಿದ್ದಾಗ ಮೇಷ್ಟ್ರು ಬಂದು ಸೈಕಲ್ಲಿನಿಂದ ಹಾರಿ ಇಳಿದರು. ಅವರು ಏನನ್ನೂ ಕೇಳಿರಲಿಲ್ಲ. "ನನ್ನ ಚಕ್ರ ಅಲುಗಾಡ್ತಿತ್ತು ಮೇಷ್ಟ್ರೇ, ಕೈ ತೆಗೆಯೋಕಾಗ್ಲಿಲ್ಲ" ಎಂದು ತಾನೇ ಹೇಳಿದ್ದಳು. ಆಗ ತಂಗಿ ಕಣ್ಣು ತೆರೆದು ಇವಳನ್ನು ನೋಡಿದ್ದಳು. ಆ ನೋಟದಲ್ಲಿ ಏನಿತ್ತೆಂದು ಇಂದಿನವರೆಗೆ ತಿಳಿದಿರಲಿಲ್ಲ. ನೋವೇ ಇದ್ದಿರಬಹುದು. ಆಮೇಲೆ ಆಸ್ಪತ್ರೆಯಲ್ಲಾಗಲಿ ಮನೆಯಲ್ಲಾಗಲಿ ತಂಗಿ ಅದರ ಬಗ್ಗೆ ಒಂದು ಮಾತು ಎತ್ತಲಿಲ್ಲ. ಒಂದು ಸಲ ಬೈದಿದ್ದರೆ, ಜಗಳಕ್ಕೆ ಬಂದಿದ್ದರೆ, ಇವಳೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದಳು. ಪಕ್ಕದ ಮೇಜಿನ ಹೆಂಗಸು "ಅಕ್ಕೋರೇ, ಡಾಕ್ಟರು ಕರೀತಿದ್ದಾರೆ, ನಿಮ್ಮ ತಂಗಿ ಬಂದ್ರಂತೆ" ಎಂದಾಗ ಅವಳು ಬ್ರಿಡ್ಜನ್ನು ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟುಕೊಂಡು ಮಹಡಿ ಇಳಿದಳು.

ಕ್ಲಿನಿಕ್ಕಿನ ಕುರ್ಚಿಯಲ್ಲಿ ತಂಗಿ ಒರಗಿ, ಬಾಯಿ ತೆರೆದು, ಚಾವಣಿ ನೋಡುತ್ತಿದ್ದಳು. ಗದ್ದದ ಕೆಳಗಿನ ಹೊಲಿಗೆಯ ಗುರುತು ದೀಪದಲ್ಲಿ ಎದ್ದು ಕಾಣುತ್ತಿತ್ತು. ಡಾಕ್ಟರು ಬ್ರಿಡ್ಜನ್ನು ಕೂರಿಸಿ ನೋಡಿ, ಹಲ್ಲುಗಳ ನಡುವೆ ಬಣ್ಣದ ಕಾಗದ ಇಟ್ಟು, ಕಚ್ಚಿ ಎಂದರು. ಎಲ್ಲಿ ಹೆಚ್ಚು ತಾಗುತ್ತದೋ ಅಲ್ಲಿ ಬಣ್ಣ ಹತ್ತುತ್ತದೆ, ಅಲ್ಲಿ ಉಜ್ಜಬೇಕು. "ನೀವೇ ನೋಡಿ" ಎಂದು ಅವರು ಪಕ್ಕಕ್ಕೆ ಸರಿದರು. ಅವಳು ತಂಗಿಯ ಮುಖದ ಮೇಲೆ ಬಗ್ಗಿದಳು. ಇಷ್ಟು ಹತ್ತಿರದಿಂದ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಎಷ್ಟೋ ದಿನವಾಗಿತ್ತು. "ಇನ್ನೊಂದ್ಸಲ ಕಚ್ಚು" ಎಂದಳು. ತಂಗಿ ಕಚ್ಚಿದಳು, ಕಣ್ಣು ಇವಳ ಕಣ್ಣಿನಲ್ಲೇ ಇಟ್ಟು. ಬಣ್ಣ ಎಲ್ಲೂ ಹೆಚ್ಚಾಗಿ ಹತ್ತಿರಲಿಲ್ಲ. "ನೋಡಿ, ತಂಗಿ ಅಂತ ಎಷ್ಟು ಮುತುವರ್ಜಿ ವಹಿಸಿದ್ದೀರಾ, ನನಗೆ ಕೆಲಸವೇ ಇಟ್ಟಿಲ್ಲ" ಎಂದು ಡಾಕ್ಟರು ನಕ್ಕು, ಅಂಟು ಹಚ್ಚಿ ಕೂರಿಸಿ, ಕೈಗನ್ನಡಿ ಕೊಟ್ಟರು. ತಂಗಿ ಕನ್ನಡಿಯಲ್ಲಿ ನೋಡಿಕೊಂಡಳು, ನಾಲಿಗೆಯಿಂದ ಹಲ್ಲನ್ನು ಮುಟ್ಟಿ ನೋಡಿದಳು. "ಅಯ್ಯೋ ಅಕ್ಕ, ಸೊಟ್ಟಹಲ್ಲನ್ನ ಹಾಗೇ ಇಟ್ಟಿದ್ದೀಯಲ್ಲ!" ಆಮೇಲೆ ಗಂಟಲು ಸರಿಮಾಡಿಕೊಂಡು, ಕುರ್ಚಿಯಲ್ಲಿ ನೆಟ್ಟಗೆ ಕೂತು, "ಪ್ರಯಾಣಿಕರ ಗಮನಕ್ಕೆ. ಬಸ್ಸು ಸ್ವಲ್ಪ ಹೊತ್ತಿನಲ್ಲೇ ಹೊರಡಲಿದೆ. ದಯಮಾಡಿ ತಮ್ಮ ಸಾಮಾನು ಸರಂಜಾಮುಗಳ ಮೇಲೆ ನಿಗಾ ಇರಲಿ" ಎಂದಳು. ಸೀಟಿ ಹೊರಡಲಿಲ್ಲ. ಅದೇ ಹಳೆಯ ದನಿ. ಡಾಕ್ಟರು ಚಪ್ಪಾಳೆ ತಟ್ಟಿದರು. ಅವಳಿಗೆ ಅಳು ಒತ್ತರಿಸಿ ಬಂದು, ಕೈ ತೊಳೆಯುವ ನೆಪದಲ್ಲಿ ಬೇಸಿನ್ನಿನ ಕಡೆ ತಿರುಗಿ ನಲ್ಲಿ ಬಿಟ್ಟಳು. ಹಿಂದಿನಿಂದ ತಂಗಿ ಹೇಳುತ್ತಿದ್ದಳು: "ಸಂಜೆ ಮನೆಗೆ ಬರ್ತೀನಕ್ಕ. ಸೈಕಲ್ಲೂ ತರ್ತೀನಿ. ಭಾವ ಫೋನ್ ಮಾಡಿದ್ರು, ನನ್ನ ಚಕ್ರ ಯಾವ ಕಂಪನೀದು ಅಂತ ಕೇಳ್ತಿದ್ರು. ಹೊಸದು ಯಾಕೆ, ನನ್ನವೇ ನೀನು ಹಾಕ್ಕೋ. ಹ್ಯಾಂಡಲ್ ಒಂದು ಸೊಟ್ಟಗಾಗಿತ್ತು, ಚಕ್ರಕ್ಕೇನೂ ಆಗಿಲ್ಲ." ನಲ್ಲಿಯ ಸದ್ದಿನಲ್ಲಿ ಕೇಳಿಸದವಳಂತೆ ಅವಳು ಸುಮ್ಮನೆ ಕೈ ತೊಳೆಯುತ್ತಲೇ ಇದ್ದಳು.

ಸಂಜೆ ಗಂಡನಿಗೆ ಹಬ್ಬವೇ. ಬಾಲ್ಕನಿಯಲ್ಲಿ ಹಳೆಯ ಪತ್ರಿಕೆ ಹಾಸಿ, ಎರಡೂ ಸೈಕಲ್ಲುಗಳನ್ನು ಪಕ್ಕಪಕ್ಕದಲ್ಲಿ ತಲೆಕೆಳಗಾಗಿ ನಿಲ್ಲಿಸಿ, ಪಾನಾ ಸ್ಕ್ರೂಡ್ರೈವರುಗಳನ್ನು ಆಪರೇಷನ್ನಿಗೆ ಜೋಡಿಸಿದಂತೆ ಜೋಡಿಸಿದ್ದ. "ಬ್ರೇಕ್ ರಬ್ಬರೂ ಬದಲಾಯಿಸ್ಬೇಕು, ಈ ರಿಮ್ಮಿಗೆ ಬೇರೆ ರಬ್ಬರು, ಮರೀಬೇಡಿ" ಎಂದು ಎಚ್ಚರಿಕೆ ಹೇಳುತ್ತಿದ್ದ. ತಂಗಿ ತನ್ನ ಕಪ್ಪು ಚಕ್ರಗಳನ್ನು ಬಿಚ್ಚಿ ಗೋಡೆಗೆ ಒರಗಿಸಿದಳು. ಅವು ಮನೆಯೊಳಗಿನ ಬೆಳಕಿನಲ್ಲಿ ಇನ್ನೂ ಚೆಂದ ಕಾಣುತ್ತಿದ್ದವು. ಅಕ್ಕನ ಕಣ್ಣು ಅವುಗಳ ಮೇಲೆ ಹೋಯಿತು, ಆಸೆಪಟ್ಟಿತು. ಇಷ್ಟೆಲ್ಲ ಆದ ಮೇಲೂ ಆಸೆಪಡುತ್ತದಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. "ಮತ್ತೆ ನಿನಗೆ?" ಎಂದು ಕೇಳಿದಳು. "ನಿನ್ನವು ಕೊಡು" ಎಂದಳು ತಂಗಿ. "ನನಗೆ ಇನ್ಮೇಲೆ ಈ ಟಿಕಿಟಿಕಿ ಬೇಡ ಅನ್ನಿಸಿಬಿಟ್ಟಿದೆ ಅಕ್ಕ. ಬಿದ್ದಾಗ ಅದೇ ಸದ್ದು ಕಿವೀಲಿ ಇತ್ತು, ಈಗ್ಲೂ ಕೇಳಿದ್ರೆ ಮೈ ಜುಂ ಅನ್ನುತ್ತೆ. ನಿನ್ನವು ಸದ್ದಿಲ್ಲದೆ ಹೋಗ್ತಾವೆ." "ಅಯ್ಯಯ್ಯೋ, ಬೇಡ ಬೇಡ!" ಗಂಡ ಪಾನಾ ಹಿಡಿದ ಕೈಯನ್ನೇ ಅಡ್ಡ ಹಿಡಿದ. "ಆ ಚಕ್ರಾನಾ? ಅದರಿಂದಲೇ ಅಲ್ವೇನಮ್ಮಾ ಇಷ್ಟೆಲ್ಲ ಆಗಿದ್ದು! ಅದನ್ನ ಗುಜರಿಗೆ ಹಾಕೋದೇ." ತಂಗಿ ಆಗಲೇ ಅಕ್ಕನ ಸೈಕಲ್ಲಿನಿಂದ ಮುಂದಿನ ಚಕ್ರ ಬಿಚ್ಚಿ, ನಡುವಿನ ಅಚ್ಚನ್ನು ಎರಡು ಕೈಯಲ್ಲಿ ಹಿಡಿದು ಎದೆಯ ಮುಂದೆ ಎತ್ತಿಕೊಂಡಿದ್ದಳು. "ಹೂಂ, ಅಲುಗಾಡುತ್ತೆ ಅಂದಿದ್ಯಲ್ಲ. ಹೇಳಕ್ಕ, ನಾನು ಇದನ್ನ ಹಾಕ್ಕೋಬಹುದಾ?"

ಬೇಡ ಎನ್ನಬಹುದಿತ್ತು. ಒಂದೇ ಮಾತು. ಗಂಡ ಆಗಲೇ ಅರ್ಧ ಹೇಳಿಕೊಟ್ಟಿದ್ದ. ಬೇಡ ಎಂದರೆ ಹಳೆಯ ಚಕ್ರ ಗುಜರಿಗೆ ಹೋಗಿ, ಸುಳ್ಳಿನ ಸಾಕ್ಷಿಯೂ ಅದರ ಜೊತೆಗೇ ಹೋಗಿ, ಎಲ್ಲ ತಣ್ಣಗಾಗುತ್ತಿತ್ತು. ತಂಗಿ ಬೇರೆ ಚಕ್ರ ಹುಡುಕಿಕೊಳ್ಳುತ್ತಿದ್ದಳು. ತಂಗಿ ಚಕ್ರವನ್ನು ಬೆರಳಿನಿಂದ ತಿರುಗಿಸಿಬಿಟ್ಟಳು. ಮೂವರೂ ನೋಡಿದರು. ಗಂಡನಿಗೆ ಅದರಲ್ಲಿ ಬೆಂಡು ಕಂಡಿತೋ ಏನೋ, ನಂಬಿದವನಿಗೆ ಕಾಣುತ್ತದೆ. ತಂಗಿ ಚಕ್ರದ ಮೇಲಿನಿಂದ ಇವಳ ಮುಖವನ್ನೇ ನೋಡುತ್ತಿದ್ದಳು, ಕುರ್ಚಿಯಲ್ಲಿ ಬಣ್ಣದ ಕಾಗದ ಕಚ್ಚಿ ನೋಡುತ್ತಿದ್ದ ಹಾಗೆ. ಅವಳಿಗೆ ಭಯವಾಯಿತು. ಈ ಮುಖ ಇನ್ನೊಂದು ಗಳಿಗೆಯಲ್ಲಿ ತನ್ನ ಕಡೆಯಿಂದ ತಿರುಗಿಹೋಗಬಹುದು, ಮತ್ತೆ ಎಂದೂ ತಿರುಗದೇ ಇರಬಹುದು ಎನ್ನಿಸಿತು.

"ಹಾಕ್ಕೋ" ಎಂದಳು. "ಅದು ನೆಟ್ಟಗೇ ಇದೆ."

"ನೆಟ್ಟಗಿದ್ಯಾ? ಮತ್ತೆ ಅವತ್ತು?" ಎಂದ ಗಂಡ.

"ಅವತ್ತೂ ನೆಟ್ಟಗೇ ಇತ್ತು."

ಬಾಲ್ಕನಿಯ ಕೆಳಗೆ ಯಾರೋ ಯಾರನ್ನೋ ಕರೆದರು. ಗಂಡ ಕೈಯಲ್ಲಿದ್ದ ಪಾನಾವನ್ನು ಪತ್ರಿಕೆಯ ಮೇಲೆ ಇಟ್ಟ, ಅದು ಸೊಟ್ಟಗಿದೆಯೆಂದು ಮತ್ತೆ ನೇರ ಮಾಡಿದ. "ನಾನು ಎಲ್ಲರಿಗೂ ಹೇಳಿದ್ದೀನಲ್ಲೇ" ಎಂದ, ಬಹಳ ಮೆಲ್ಲಗೆ. ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಅವನು ಒಳಗೆ ಹೋಗಿ, ದೀಪ ಹಾಕದೆ, ಕುರ್ಚಿಯ ಮೇಲೆ ಕೂತದ್ದು ಕೇಳಿಸಿತು. ತಂಗಿ ಚಕ್ರ ನಿಲ್ಲುವವರೆಗೂ ಅದನ್ನು ಹಿಡಿದುಕೊಂಡೇ ಇದ್ದಳು. ಆಮೇಲೆ ಬಗ್ಗಿ, ತನ್ನ ಸೈಕಲ್ಲಿಗೆ ಅದನ್ನು ಕೂರಿಸಿ, ಬಿಗಿ ಮಾಡಿ, "ಹಾಗಾದ್ರೆ ಇದನ್ನೇ ಹಾಕ್ಕೊಳ್ತೀನಿ" ಎಂದಳು. ಯಾಕೆ ಎಂದು ಕೇಳುತ್ತಾಳೆಂದು ಅವಳು ಕಾದಳು. ಕಂಡಿತ್ತಾ ಎಂದು ಕೇಳುತ್ತಾಳೆಂದು ಕಾದಳು. ಇಬ್ಬರೂ ಸೇರಿ ಹಿಂದಿನ ಚಕ್ರವನ್ನೂ ಬದಲಾಯಿಸಿ, ಕಪ್ಪು ಚಕ್ರಗಳನ್ನು ಇವಳ ಸೈಕಲ್ಲಿಗೆ ಹಾಕಿದರು. ಕೈ ಎರಡು ಸಲ ಒಂದಕ್ಕೊಂದು ತಗುಲಿತು. ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ತಂಗಿ ಹೇಳಿದಳು: "ನಾಳೆ ಬೆಳಿಗ್ಗೆ ಹೋಗೋಣ. ಮೇಷ್ಟ್ರಿಗೆ ಹೇಳ್ಬೇಡ, ನಾವಿಬ್ರೇ. ನಾನು ಮುಂದೆ ಇರ್ತೀನಿ."

ಬೆಳಿಗ್ಗೆ ರಸ್ತೆ ಖಾಲಿಯಾಗಿತ್ತು. ತಂಗಿ ಮುಂದೆ, ಅವಳು ಹಿಂದೆ. ಹೊಸ ಚಕ್ರಗಳು ನಾಚಿಕೆಯಾಗುವಷ್ಟು ಸಲೀಸಾಗಿ ಓಡಿದವು. ಒಂದು ಸಲ ತುಳಿದರೆ ಸಾಕು, ತಾವೇ ಹೋಗುತ್ತಿದ್ದವು. ವಾರಗಟ್ಟಲೆ ಸೈಕಲ್ಲು ಮುಟ್ಟದ ತಂಗಿ ನಿಧಾನವಾಗಿದ್ದಳು, ಹೆದರಿಯೂ ಇದ್ದಳು. ಅವಳ ಭುಜ ಕಿವಿಯವರೆಗೆ ಬಿಗಿದುಕೊಂಡಿತ್ತು. ಹಿಂದೆ ಬರುವವಳು ತುಳಿಯುವುದು ನಿಲ್ಲಿಸಲೇಬೇಕಾಯಿತು. ನಿಲ್ಲಿಸಿದೊಡನೆ ಟಿಕಿಟಿಕಿ. ಮುಂದಿನ ಬೆನ್ನು ಒಮ್ಮೆ ಸೆಟೆಯಿತು. ಅವಳು ಗಾಬರಿಯಿಂದ ಮತ್ತೆ ತುಳಿದಳು, ಬ್ರೇಕು ಹಿಡಿದು ಹಿಡಿದು ತುಳಿದಳು, ಆ ಸದ್ದು ತಂಗಿಯ ಕಿವಿಗೆ ಬೀಳದಿರಲಿ ಎಂದು. ರಸ್ತೆ ಅವಳಿಗೆ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಬೆನ್ನು. ಆ ಬೆನ್ನು ಮನಸ್ಸು ಮಾಡಿದರೆ ತನ್ನನ್ನು ಎಲ್ಲಿ ಬೇಕಾದರೂ ಕೆಡವಬಹುದಿತ್ತು, ಕೆಡವಿದರೆ ನ್ಯಾಯವೇ ಆಗುತ್ತಿತ್ತು. ಮೊದಲ ಗುಂಡಿ ಬಂದಾಗ ತಂಗಿಯ ಎಡಗೈ ಇಳಿಯಿತು. ಬೆರಳು ನೆಲವನ್ನು ತೋರಿಸಿತು, "ಆಯ್ತು" ಎಂದು ಅವಳು ಕೂಗಿದ ಮೇಲೂ ಇನ್ನೂ ಸ್ವಲ್ಪ ಹೊತ್ತು ತೋರಿಸುತ್ತಲೇ ಇತ್ತು. ಆಮೇಲೆ ಒಂದು ಕಲ್ಲಿಗೆ. ಆಮೇಲೆ ಒದ್ದೆ ಜಾಗಕ್ಕೆ. ಮುರಿದು ಬಿದ್ದ ಕೊಂಬೆಗೆ. ತೋರಿಸಬೇಕಾದದ್ದನ್ನೂ ತೋರಿಸದಿದ್ದರೂ ನಡೆಯುವಂಥದ್ದನ್ನೂ ತಂಗಿ ತೋರಿಸಿದಳು. ಆ ಕೈ ಒಂದೊಂದು ಸಲ ಇಳಿದಾಗಲೂ ಅವಳಿಗೆ ಕೆನ್ನೆಗೆ ಹೊಡೆಸಿಕೊಂಡಂತಾಗುತ್ತಿತ್ತು. ತೋರಿಸದಿದ್ದರೆ ಎಷ್ಟು ನೆಮ್ಮದಿಯಾಗುತ್ತಿತ್ತು ಎಂದುಕೊಂಡಳು, ಮತ್ತೆ ಆಯ್ತು ಎಂದು ಕೂಗಿದಳು.

ಗೋದಾಮುಗಳ ರಸ್ತೆಗೆ ತಿರುಗಿದಾಗ ಎದುರುಗಾಳಿ ಸಿಕ್ಕಿತು. ತಂಗಿ ಸ್ವಲ್ಪ ದೂರ ತುಳಿದು, ಪಕ್ಕಕ್ಕೆ ಸರಿದಳು. ಅವಳಿಗೆ ಮೇಲುಸಿರು ಬರುತ್ತಿತ್ತು. "ಅಕ್ಕ, ನನಗೆ ಸುಸ್ತಾಯ್ತು. ನೀನು ಮುಂದೆ ಬಾ" ಎಂದಳು. ಅಕ್ಕ ಬ್ರೇಕು ಹಿಡಿದು ನಿಧಾನಿಸಿದಳು. ತಂಗಿ 'ಹೋಗು' ಎಂಬಂತೆ ಗದ್ದವೆತ್ತಿ ಸನ್ನೆ ಮಾಡಿದಳು. ಅವಳು ದಾಟಿ ಮುಂದೆ ಬಂದಳು. ಗಾಳಿ ಎದೆಗೆ ಬಡಿಯಿತು. ಎಡಕ್ಕೆ ಗೋದಾಮುಗಳು ಒಂದೊಂದಾಗಿ ಹಿಂದೆ ಸರಿದವು. ನೀಲಿ ಬಾಗಿಲು ದೂರದಲ್ಲಿ ಕಂಡಿತು. ಅದರೆದುರಿನ ಗುಂಡಿಯನ್ನು ಯಾರೋ ಮುಚ್ಚಿಸಿದ್ದರು. ಹಳೆಯ ಬೂದು ರಸ್ತೆಯ ನಡುವೆ ಹೊಸ ಡಾಂಬರಿನ ಕಪ್ಪು ತೇಪೆ, ಸಮತಟ್ಟಾಗಿ, ನುಣ್ಣಗೆ. ಅಲ್ಲಿ ತೋರಿಸುವಂಥದ್ದು ಏನೂ ಇರಲಿಲ್ಲ.

ಅವಳು ಎಡಗೈಯನ್ನು ಹ್ಯಾಂಡಲಿನಿಂದ ತೆಗೆದಳು. ದೂರದಿಂದಲೇ, ಅಂದು ಕಂಡಷ್ಟೇ ದೂರದಿಂದ, ಅಂದು ತೋರಿಸಬೇಕಾಗಿದ್ದಷ್ಟೇ ಮುಂಚೆ, ಕೈ ಇಳಿಬಿಟ್ಟು ಬೆರಳು ಚಾಚಿ ಆ ಜಾಗವನ್ನು ತೋರಿಸಿದಳು. ಚಕ್ರ ಅಲುಗಾಡಲಿಲ್ಲ. ಹಿಂದೆ ಯಾವ ಸದ್ದೂ ಇರಲಿಲ್ಲ. ತನ್ನ ಹಳೆಯ ಚಕ್ರಗಳು ಸದ್ದು ಮಾಡುವವಲ್ಲ. ತಂಗಿ ಹಿಂದೆ ಬರುತ್ತಿದ್ದಾಳೋ, ನಿಂತುಬಿಟ್ಟಳೋ, ತಿರುಗಿ ಹೊರಟೇ ಹೋದಳೋ ತಿಳಿಯುವಂತಿರಲಿಲ್ಲ. ತಿರುಗಿ ನೋಡಲು ಧೈರ್ಯವಾಗಲಿಲ್ಲ. ಕಪ್ಪು ತೇಪೆ ಹತ್ತಿರ ಬಂತು, ಅವಳ ಚಕ್ರದ ಪಕ್ಕದಲ್ಲೇ ಹಾದು ಹಿಂದಕ್ಕೆ ಹೋಯಿತು. ನೀಲಿ ಬಾಗಿಲೂ ಹಿಂದಕ್ಕೆ ಹೋಯಿತು. ಅವಳು ಕೈ ತೆಗೆಯಲಿಲ್ಲ. ಕೂಗು ಕೇಳುವವರೆಗೆ ತೆಗೆಯಬಾರದೆಂಬುದು ಕಾನೂನು. ಭುಜ ಸೋಲುತ್ತಿತ್ತು, ಗಾಳಿ ಕೈಯನ್ನು ಹಿಂದಕ್ಕೆ ತಳ್ಳುತ್ತಿತ್ತು, ನುಣ್ಣನೆಯ ರಸ್ತೆಯನ್ನು ಬೆರಳು ತೋರಿಸುತ್ತಲೇ ಇತ್ತು.

"ಆಯ್ತು ಅಕ್ಕ" ಎಂದಿತು, ಬಹಳ ಹೊತ್ತಿನ ಮೇಲೆ, ಹಿಂದಿನಿಂದ ತಂಗಿಯ ದನಿ.